ಹಿಂದೆ ಈಜಿದವು

ಪತ್ರ ಬಂದದ್ದು ಮಂಗಳವಾರ. ಅದನ್ನು ಮೊದಲು ಓದಿದವರು ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು, ಮೊದಲು ಹೆದರಿದವಳು ದೊಡ್ಡಮ್ಮ.

ದೊಡ್ಡಮ್ಮನದು ಪತ್ರ ಓದುವ ಕೆಲಸವಲ್ಲ. ಅವಳ ಕೆಲಸ ಬೆಳಿಗ್ಗೆ ಏಳಕ್ಕೆ ಪ್ರಯೋಗಾಲಯದ ಬೀಗ ತೆಗೆದು, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟ ಗಾಜಿನ ತಟ್ಟೆಗಳನ್ನು ಹೊರಗಿಟ್ಟು, ಅವುಗಳೊಳಗಿನ ಜೀವಗಳಿಗೆ ಊಟ ಹಾಕುವುದು. ಜೀವಗಳೆಂದರೆ ಪ್ಯಾರಮೀಸಿಯಂ. ಶಾಲೆಯ ಪುಸ್ತಕದಲ್ಲಿ ಚಪ್ಪಲಿಯ ಆಕಾರದಲ್ಲಿ ಚಿತ್ರ ಬರೆಸುತ್ತಾರಲ್ಲ, ಅದೇ. ಊಟವೆಂದರೆ ಗೋಧಿಹುಲ್ಲಿನ ಕಷಾಯದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ. ಬಾಯಲ್ಲಿ ರಬ್ಬರ್ ನಳಿಗೆ, ಬಲಗೈಯಲ್ಲಿ ಕೂದಲಿನಷ್ಟು ಸಣ್ಣಗೆ ಎಳೆದ ಗಾಜಿನ ನಳಿಗೆ, ಕಣ್ಣು ಸೂಕ್ಷ್ಮದರ್ಶಕದಲ್ಲಿ. ಹೀಗೆ ಕೂತು ಒಂದೊಂದೇ ಪ್ರಾಣಿಯನ್ನು ಹೀರಿ, ತಟ್ಟೆಯಲ್ಲಿ ಕೊರೆದ, ಹೊಸ ಕಷಾಯವಿರುವ ಸಣ್ಣ ಗುಳಿಯೊಳಕ್ಕೆ ಬಿಡುವುದು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದಾಳೆ. ಈ ಊರಿನಲ್ಲಿ ಅಷ್ಟು ಮಕ್ಕಳನ್ನು ಸಾಕಿದವರು ಇನ್ನೊಬ್ಬರಿಲ್ಲ ಎಂದು ಅವಳ ಗಂಡ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಆ ಮಾತಿಗೆ ಅವಳೂ ನಗುತ್ತಿದ್ದಳು.

ದೊಡ್ಡಮ್ಮ ಎಂಬ ಹೆಸರು ಅಂಟಿಕೊಂಡದ್ದು ನಾಲ್ಕು ವರ್ಷದ ಹಿಂದೆ. ತಂಗಿಯ ಮಗಳು ಸಂಶೋಧನೆಗೆಂದು ಇದೇ ಪ್ರಯೋಗಾಲಯಕ್ಕೆ ಸೇರಿ, ಅವರ ಮನೆಯಲ್ಲೇ ಉಳಿದುಕೊಂಡಳು. ಅಲ್ಲಿ ನನ್ನನ್ನು ದೊಡ್ಡಮ್ಮ ಅನ್ನಬೇಡ, ಸಂಬಂಧಿಕರು ಅಂತ ಜನ ಆಡಿಕೊಳ್ಳುತ್ತಾರೆ, ಎಲ್ಲರ ಹಾಗೆ ಮೇಡಂ ಅನ್ನು ಎಂದು ಹತ್ತು ಸಲ ಹೇಳಿಕೊಟ್ಟಿದ್ದಳು. ಹುಡುಗಿ ಹತ್ತು ಸಲವೂ ತಲೆಯಾಡಿಸಿ, ಮೊದಲ ದಿನ ಒಳಗೆ ಕಾಲಿಟ್ಟ ಐದೇ ನಿಮಿಷಕ್ಕೆ ಎಲ್ಲರ ಮುಂದೆ ದೊಡ್ಡಮ್ಮಾ ಎಂದು ಕೂಗಿ ಕನ್ನಡಕ ಎಲ್ಲಿಟ್ಟೆ ಅಂತ ಕೇಳಿದಳು. ಅಂದಿನಿಂದ ಅವಳು ಎಲ್ಲರಿಗೂ ದೊಡ್ಡಮ್ಮ. ಅವಳಿಗಿಂತ ಮೂರು ವರ್ಷ ಹಿರಿಯರಾದ ಮೇಷ್ಟ್ರು ಕೂಡ ಸಂಕೋಚವಿಲ್ಲದೆ ದೊಡ್ಡಮ್ಮ ಅನ್ನುತ್ತಿದ್ದರು.

ಹುಡುಗಿಯ ಕೆಲಸವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಆ ಪತ್ರದಲ್ಲಿ ಹೆದರುವಂಥದ್ದೇನಿತ್ತು ಎಂದು ತಿಳಿಯುವುದಿಲ್ಲ. ಈ ಪ್ರಾಣಿ ಒಂದೇ ಕೋಶದ್ದು, ಆದರೆ ಅದರ ಸಂಸಾರ ವಿಚಿತ್ರ. ಒಳಗೆ ಎರಡು ಬಗೆಯ ಕೋಶಕೇಂದ್ರ. ದೊಡ್ಡದು ದಿನನಿತ್ಯದ ದುಡಿಮೆಗೆ. ಚಿಕ್ಕದು ಮುಂದಿನ ಪೀಳಿಗೆಗೆಂದು ಎತ್ತಿಟ್ಟದ್ದು. ಆ ಚಿಕ್ಕದರ ಡಿಎನ್‌ಎ ತುಂಬ, ಎಂದೋ ಕಾಲದಲ್ಲಿ ಎಲ್ಲಿಂದಲೋ ಜಿಗಿದು ಬಂದು ಹೊಕ್ಕ ತುಣುಕುಗಳ ಪಳೆಯುಳಿಕೆ. ಸುಮಾರು ನಲವತ್ತೈದು ಸಾವಿರ ಕಡೆ. ಹೊಟ್ಟೆಗಿಲ್ಲದೆ ಸೊರಗಿದಾಗ ಈ ಪ್ರಾಣಿ ತನ್ನ ಹಳೆಯ ದೊಡ್ಡ ಕೇಂದ್ರವನ್ನು ಚೂರು ಮಾಡಿ, ಚಿಕ್ಕದರಿಂದ ಹೊಸದೊಂದನ್ನು ಕಟ್ಟಿಕೊಳ್ಳುತ್ತದೆ. ಕಟ್ಟುವಾಗ ಆ ನಲವತ್ತೈದು ಸಾವಿರ ತುಣುಕುಗಳನ್ನೂ ಕತ್ತರಿಸಿ ತೆಗೆದು ತುದಿ ಜೋಡಿಸಬೇಕು. ಒಂದಕ್ಷರ ಆಚೀಚೆಯಾದರೂ ಜೀನ್ ಕೆಟ್ಟಿತು. ತಮಾಷೆಯೆಂದರೆ, ಕತ್ತರಿಸುವ ಆ ಕತ್ತರಿಯೂ ಜಿಗಿಯುವ ತುಣುಕುಗಳದೇ ವಂಶದ್ದು; ಎಂದೋ ಪಳಗಿ ಮನೆಗೆಲಸಕ್ಕೆ ನಿಂತದ್ದು.

ಎಲ್ಲಿ ಕತ್ತರಿಸಬೇಕೆಂದು ಕತ್ತರಿಗೆ ಹೇಗೆ ಗೊತ್ತು? ಹಳೆಯ ದೊಡ್ಡ ಕೇಂದ್ರ ಪೂರ್ತಿ ಚೂರಾಗುವ ಮುನ್ನ ಅದರ ಜೊತೆ ತಾಳೆ ನೋಡುತ್ತದೆ. ತಾಯಿಯಲ್ಲಿ ಇದ್ದದ್ದು ಇರಲಿ, ಇಲ್ಲದ್ದು ಹೋಗಲಿ. ಹುಡುಗಿ ಮಾಡಿದ್ದು ಇಷ್ಟು: ಹೋಗಬೇಕಾದ ಒಂದು ತುಣುಕನ್ನು ಸೂಜಿಯಲ್ಲಿ ಒಂದು ಪ್ರಾಣಿಯ ದೊಡ್ಡ ಕೇಂದ್ರಕ್ಕೆ ಚುಚ್ಚಿದಳು. ಹೊಸ ಕೇಂದ್ರ ಕಟ್ಟುವಾಗ ಕತ್ತರಿ ಮೋಸಹೋಗಿ, ತಾಯಿಯಲ್ಲಿತ್ತಲ್ಲ ಎಂದು ಆ ತುಣುಕನ್ನು ಹಾಗೇ ಬಿಟ್ಟಿತು. ತುಣುಕು ಕೂತದ್ದು ಹಿಂದಕ್ಕೆ ಈಜಲು ಬೇಕಾದ ಜೀನಿನ ನಡುಮಧ್ಯೆ. ಸಾದಾ ಪ್ರಾಣಿ ಏನಾದರೂ ತಗುಲಿದರೆ ಒಂದಿಷ್ಟು ಹಿಂದೆ ಈಜಿ, ದಿಕ್ಕು ಬದಲಿಸಿ ಹೊರಡುತ್ತದೆ. ಇವು ಹಿಂದೆ ಹೋಗಲಾರವು. ಗೋಡೆಗೆ ಮೂತಿಯೊತ್ತಿ ಅಲ್ಲೇ ತಿರುಗುತ್ತಿರುತ್ತವೆ. ದೊಡ್ಡಮ್ಮ ಅವಕ್ಕೆ ಹಠಮಾರಿಗಳು ಎಂದು ಹೆಸರಿಟ್ಟಳು.

ಈ ಹಠ ಎಷ್ಟು ಪೀಳಿಗೆ ಉಳಿಯುತ್ತದೆ ಎಂಬುದೇ ಹುಡುಗಿಯ ಪ್ರಶ್ನೆ. ನಾಲ್ಕು ಸಲ ಉಪವಾಸ ಕೆಡವಿ, ನಾಲ್ಕು ಪೀಳಿಗೆ ನೋಡಿದಳು. ಪ್ರತಿ ಸಲ ಅರವತ್ತು ಗುಳಿ, ಗುಳಿಗೊಂದು ಪ್ರಾಣಿ; ಅದು ಎರಡಾಗಿ ನಾಲ್ಕಾಗಿ ಸೀಳುತ್ತ ಕೆಲವೇ ದಿನದಲ್ಲಿ ಗುಳಿ ತುಂಬುತ್ತದೆ. ಪ್ರತಿ ಸಲವೂ ಅರವತ್ತಕ್ಕೆ ಅರವತ್ತೂ ಹಠಮಾರಿಗಳೇ. ತಾಯಿಯ ನೆನಪು ಎಳ್ಳಷ್ಟೂ ಮಾಸುವುದಿಲ್ಲ ಎಂದು ಬರೆದಳು, ಅದು ಅಚ್ಚಾಯಿತು, ಜನ ಹೊಗಳಿದರು. ಮುಂದಿನ ತಿಂಗಳು ಅವಳ ಪ್ರಬಂಧ ಸಲ್ಲಿಕೆಯಾಗಬೇಕಿತ್ತು.

ಪತ್ರ ಬರೆದವರು ದೂರದ ಇನ್ನೊಂದು ಪ್ರಯೋಗಾಲಯದವರು. ಹಠಮಾರಿಗಳನ್ನು ಇಲ್ಲಿಂದಲೇ ತರಿಸಿಕೊಂಡು ಅದೇ ಪ್ರಯೋಗ ಮಾಡಿದ್ದರು. ಅವರ ಕೈಯಲ್ಲಿ ಒಂಬತ್ತರಲ್ಲಿ ಒಂದರಂತೆ ಹಿಂದಕ್ಕೆ ಈಜಿದ್ದವು. ಅಂದರೆ ಅಷ್ಟು ಮಕ್ಕಳಲ್ಲಿ ತುಣುಕು ಕತ್ತರಿಸಿ ಹೋಗಿತ್ತು. ನಿಮ್ಮಲ್ಲಿ ಮಾತ್ರ ಒಂದೂ ಹೀಗಾಗದಿದ್ದುದು ಹೇಗೆಂದು ತಿಳಿಸಿದರೆ ಬಹಳ ಉಪಕಾರವಾಗುತ್ತದೆ ಎಂದು ಬರೆದಿದ್ದರು. ಈ ಕ್ಷೇತ್ರದಲ್ಲಿ ಅಷ್ಟು ವಿನಯದಿಂದ ಬರೆದರೆಂದರೆ ಕಳ್ಳಿ ಎಂದು ಕರೆದಂತೆಯೇ ಲೆಕ್ಕ.

ಮೇಷ್ಟ್ರು ಹುಡುಗಿಯನ್ನು ಕರೆದು, ಬಾಗಿಲು ಹಾಕದೆ ಮಾತಾಡಿದರು. ಸಿಂಕಿನ ಹತ್ತಿರ ತಟ್ಟೆ ತೊಳೆಯುತ್ತಿದ್ದ ದೊಡ್ಡಮ್ಮನಿಗೆ ಎಲ್ಲ ಕೇಳಿಸಿತು. ಬೇಡದ ಗುಳಿಗಳನ್ನು ಎಲ್ಲಾದರೂ ಲೆಕ್ಕದಿಂದ ಬಿಟ್ಟೆಯಾ ಎಂದು ಮೇಷ್ಟ್ರು ಕೇಳಿದರು. ನನ್ನ ಕೈಗೆ ಬಂದ ಒಂದು ಗುಳಿಯನ್ನೂ ಬಿಟ್ಟಿಲ್ಲ ಎಂದು ಹುಡುಗಿ ಹೇಳಿದಳು. ಹಾಗಾದರೆ ಎಲ್ಲರ ಕಣ್ಣೆದುರು ಇನ್ನೊಮ್ಮೆ ಮಾಡೋಣ, ನೀನು ಮುಟ್ಟುವ ಹಾಗಿಲ್ಲ, ಪಕ್ಕದ ವಿಭಾಗದಿಂದ ಒಬ್ಬರು ಬಂದು ಕೂರುತ್ತಾರೆ ಎಂದರು ಮೇಷ್ಟ್ರು. ಉತ್ತರ ಬೇರೆ ಬಂದರೆ ಪ್ರಬಂಧ ನಿಲ್ಲುತ್ತದೆ, ವಿಚಾರಣೆಯಾಗುತ್ತದೆ; ಸುಳ್ಳು ಅಂಕಿ ಬರೆದವಳು ಅಂತ ಒಮ್ಮೆ ಹೆಸರು ಬಿದ್ದರೆ ಮತ್ತೆ ಯಾರೂ ಹತ್ತಿರ ಸೇರಿಸುವುದಿಲ್ಲ. ಕೊನೆಗೆ ಧೈರ್ಯ ತುಂಬುವವರಂತೆ ಇನ್ನೊಂದು ಮಾತು ಸೇರಿಸಿದರು.

"ಪ್ರಾಣಿ ಎತ್ತೋದು ದೊಡ್ಡಮ್ಮನೇ. ಆ ಕೈ ಮೇಲೆ ಯಾರಿಗೂ ಅನುಮಾನ ಇಲ್ಲ."

ದೊಡ್ಡಮ್ಮ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯತೊಡಗಿದಳು.

ಹಿಂದಕ್ಕೆ ಈಜುವ ಹಠಮಾರಿಗಳನ್ನು ಅವಳು ನೋಡಿದ್ದಳು. ಒಂದಲ್ಲ, ಎರಡಲ್ಲ.

ಎರಡು ವರ್ಷದ ಹಿಂದೆ ಅವಳ ಬಲಗೈ ನಡುಗಲು ಶುರುವಾಗಿತ್ತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ನಳಿಗೆಯ ತುದಿ ಒಂದು ಕೂದಲೆಳೆ ಅಲ್ಲಾಡಿದರೂ ಹನಿ ಪಕ್ಕದ ಗುಳಿಗೆ ಬೀಳುತ್ತದೆ, ಒಂದರ ಪ್ರಾಣಿ ಇನ್ನೊಂದಕ್ಕೆ ಸೇರುತ್ತದೆ. ಯಾರಿಗೂ ಹೇಳಲಿಲ್ಲ. ಅವಳಿಗಿಂತ ಮುಂಚೆ ಈ ಕುರ್ಚಿಯಲ್ಲಿ ಕೂತಿದ್ದವಳ ಕಣ್ಣು ಮಂಜಾದಾಗ ಅವಳನ್ನು ನೆಲಮಾಳಿಗೆಯಲ್ಲಿ ಸೀಸೆ ತೊಳೆಯಲು ಹಾಕಿದ್ದರು. ನಿವೃತ್ತಿಯವರೆಗೆ ಆಕೆ ಮೇಲೆ ಬಂದದ್ದೇ ಇಲ್ಲ. ಅದನ್ನು ನೋಡಿದವಳು ಬಾಯಿ ಬಿಡುತ್ತಾಳೆಯೇ? ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಬಿಗಿಹಿಡಿದು, ಹೇಗೋ ನಡೆಸಿಕೊಂಡು ಹೋಗುತ್ತಿದ್ದಳು.

ಎರಡನೇ ಪೀಳಿಗೆಯ ಹಠಮಾರಿಗಳನ್ನು ಗುಳಿಗೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ, ಹುಡುಗಿ ಬರುವುದಕ್ಕೆ ಮೂರು ತಾಸು ಮುಂಚೆ, ಒಂದು ಗುಳಿಯಲ್ಲಿ ಪ್ರಾಣಿಗಳು ಗಾಜಿಗೆ ತಗುಲಿದೊಡನೆ ನೆಟ್ಟಗೆ ಹಿಂದಕ್ಕೆ ಈಜಿದವು. ಪಕ್ಕದಲ್ಲೇ ಸಾದಾ ಪ್ರಾಣಿಗಳ ತಟ್ಟೆಯಿತ್ತು. ದೊಡ್ಡಮ್ಮನಿಗೆ ಬೇರೆ ವಿಚಾರವೇ ಹೊಳೆಯಲಿಲ್ಲ. ಕೈ ನಡುಗಿ ಸಾದಾ ಪ್ರಾಣಿ ಇಲ್ಲಿ ಬಿದ್ದಿದೆ, ಹುಡುಗಿಯ ಪ್ರಯೋಗ ಹಾಳು ಮಾಡಿದೆ, ಇದು ಗೊತ್ತಾದರೆ ನನ್ನ ಕಥೆ ಮುಗಿಯಿತು ಎಂದುಕೊಂಡಳು. ಗುಳಿಯನ್ನು ಖಾಲಿ ಮಾಡಿ, ಕುದಿನೀರಿನಲ್ಲಿ ತೊಳೆದು, ಬೇರೆ ಗುಳಿಯಿಂದ ಒಂದಿಷ್ಟು ಅಪ್ಪಟ ಹಠಮಾರಿಗಳನ್ನು ಎತ್ತಿ ಅಲ್ಲಿ ಬಿಟ್ಟಳು. ಹತ್ತು ಗಂಟೆಗೆ ಹುಡುಗಿ ಬಂದಾಗ ಅರವತ್ತೂ ಅಚ್ಚುಕಟ್ಟಾಗಿದ್ದವು. ಆಮೇಲೂ ಅದೇ ಆಯಿತು, ಮೂರನೇ ಪೀಳಿಗೆಯಲ್ಲಿ, ನಾಲ್ಕನೆಯದರಲ್ಲಿ. ಪ್ರತಿ ಸಲವೂ ತನ್ನ ಕೈಯನ್ನೇ ಬೈದುಕೊಂಡು, ಗುಟ್ಟಾಗಿ ಶುಚಿ ಮಾಡಿ, ಹುಡುಗಿಗೆ ಉಪಕಾರ ಮಾಡಿದೆ ಎಂದು ಸಮಾಧಾನ ಪಟ್ಟುಕೊಂಡಿದ್ದಳು.

ಈಗ ಒಂಬತ್ತರಲ್ಲಿ ಒಂದು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವು ಪಕ್ಕದ ತಟ್ಟೆಯಿಂದ ಬಿದ್ದವಲ್ಲದೆ, ನಿಜವಾಗಿಯೂ ಹಠ ಮರೆತ ಮಕ್ಕಳೇ ಆಗಿದ್ದರೆ? ಹಾಗಿದ್ದರೆ ಕತ್ತರಿ ಮಾಡಿದ ಕೆಲಸವನ್ನೆಲ್ಲ ತಾನು ಬೆಳಿಗ್ಗೆ ಏಳು ಗಂಟೆಗೆ ಕೂತು ಅಳಿಸಿಹಾಕಿದ್ದಳು. ಹುಡುಗಿ ಕಣ್ಣಾರೆ ಕಂಡದ್ದನ್ನೇ ಬರೆದಿದ್ದಳು. ಕಾಣಬಾರದ್ದನ್ನು ಮುಂಚೆಯೇ ತೆಗೆದವಳು ಮನೆಯಲ್ಲಿ ಅವಳಿಗೆ ಊಟ ಬಡಿಸುವವಳು.

ಬುಧವಾರ ಹಠಮಾರಿಗಳನ್ನು ಉಪವಾಸಕ್ಕೆ ಬಿಟ್ಟರು. ಕಷಾಯ ಮುಗಿದ ತಟ್ಟೆಯನ್ನು ಹಾಗೇ ಇಟ್ಟರೆ ಎರಡು ದಿನದಲ್ಲಿ ಎಲ್ಲ ತಾನಾಗಿ ಶುರುವಾಗುತ್ತದೆ. ಈ ಎರಡು ದಿನ ಮಾಡುವುದಕ್ಕೇನೂ ಇರುವುದಿಲ್ಲ, ಅದೇ ಕಷ್ಟ. ಹುಡುಗಿ ಮನೆಯಲ್ಲಿ ಊಟಕ್ಕೆ ಕೂತು ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುತ್ತಿದ್ದಳು. ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ನಾಲ್ಕು ಪೀಳಿಗೆಯ ಇನ್ನೂರನಲವತ್ತು ಗುಳಿಗಳನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದಳು. ಎಲ್ಲಿ ತಪ್ಪಿದೆ ಅಂತಲೇ ಗೊತ್ತಾಗ್ತಿಲ್ಲ ದೊಡ್ಡಮ್ಮ, ನೀನೇ ನೋಡಿದ್ದೀಯಲ್ಲ, ಎಲ್ಲ ಸರಿಯಾಗೇ ಇತ್ತಲ್ಲ ಎಂದು ಕೇಳಿದಳು. ದೊಡ್ಡಮ್ಮ ಹೂಂ ಎಂದಳು. 

ಗಂಡ ಗಡಿಯಾರ ರಿಪೇರಿ ಮಾಡುವವನು. ಮುಂದಿನ ಕೋಣೆಯ ಕಿಟಕಿಯ ಬಳಿ ಅವನ ಮೇಜು, ಮೇಜಿನ ಮೇಲೆ ಸಾಸಿವೆಯಷ್ಟು ಸಣ್ಣ ತಿರುಪುಗಳು. ಗುರುವಾರ ಸಂಜೆ ಚಹಾ ಮಾಡಿ ತಂದು ಅವಳ ಮುಂದಿಟ್ಟ. ಕೈಗೆತ್ತಿಕೊಂಡು ತುಟಿಗೆ ತಂದಾಗ ದೊಡ್ಡಮ್ಮ ಗಮನಿಸಿದಳು, ಲೋಟ ಅರ್ಧವೇ ತುಂಬಿತ್ತು. ಇಷ್ಟೇ ಯಾಕೆ ಕೊಟ್ಟೆ, ಹಾಲು ಸಾಲಲಿಲ್ಲವಾ ಎಂದು ಕೇಳಿದಳು.

"ಎರಡು ವರ್ಷದಿಂದ ಅರ್ಧ ಲೋಟನೇ ಕೊಡ್ತಿದೀನಿ. ಇವತ್ತು ಕಣ್ಣಿಗೆ ಬಿತ್ತಾ?" ಎಂದ ಅವನು, ಭೂತಗನ್ನಡಿಯಿಂದ ತಲೆ ಎತ್ತದೆಯೇ. "ಪೂರ್ತಿ ಕೊಟ್ರೆ ಚೆಲ್ಕೋತೀಯ. ನಾನೂ ಕೈಕೆಲಸದಿಂದಲೇ ಅನ್ನ ದುಡಿಯೋನು ಕಣೇ. ನನ್ನ ಹತ್ರ ಕೈ ನಡುಕ ಮುಚ್ಚಿಡ್ತೀಯಾ?"

ದೊಡ್ಡಮ್ಮ ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅಷ್ಟು ಉದ್ದಕ್ಕೆ ಅವಳು ಮಾತಾಡಿದ್ದು ಅದೇ ಮೊದಲಿರಬೇಕು. ಅವನು ಎಲ್ಲ ಮುಗಿದ ಮೇಲೆ, ನಾಳೆ ನಿನ್ನ ಕೈಯಲ್ಲಿ ಎತ್ತಿದರೆ ಏನಾಗುತ್ತದೆ ಎಂದು ಮಾತ್ರ ಕೇಳಿದ. ಅವಳು ಹಿಂದಿನ ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದಳು. ಹಿಂದಕ್ಕೆ ಈಜುವಂಥದ್ದು ಒಂದು ಕಂಡರೂ, ಅದು ಕೈ ನಡುಗಿ ಬಿದ್ದದ್ದೋ ನಿಜವಾದದ್ದೋ ಯಾರಿಗೂ ತಿಳಿಯುವುದಿಲ್ಲ. ಹುಡುಗಿಯ ತಲೆಯ ಮೇಲೆ ಸುಮ್ಮನೆ ಕಲ್ಲು ಬೀಳುತ್ತದೆ. ಹಾಗಾದರೆ ನಾಳೆಯೇ ಹೇಳು ಎಂದು ಅವನು ಮತ್ತೆ ಗಡಿಯಾರದ ಮೇಲೆ ಬಗ್ಗಿದ. ಹುಡುಗಿ ಒಳಗಿದ್ದಳು. ಇವತ್ತೇ, ಈಗಲೇ ಹೇಳಬಹುದಿತ್ತು. ದೊಡ್ಡಮ್ಮನಿಗೆ ಆ ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ.

ಶುಕ್ರವಾರ ಪಕ್ಕದ ವಿಭಾಗದಿಂದ ಬಂದ ಹೆಂಗಸು ಮಣ್ಣಿನೊಳಗಿನ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳ ಮೇಲೆ ಕೆಲಸ ಮಾಡುವವಳು. ಎಲ್ಲರೂ ಅವಳನ್ನು ಹುಳು ಮೇಡಂ ಅನ್ನುತ್ತಿದ್ದರು, ಅವಳ ಮುಂದೆಯೂ. ಮೇಷ್ಟ್ರು ಒಂದಿಷ್ಟು ಪ್ರಾಣಿಗಳಿಗೆ ಕೆಂಪು ಬಣ್ಣ ಹಾಕಿ ನೋಡಿದರು. ಹಳೆಯ ದೊಡ್ಡ ಕೇಂದ್ರ ಚೂರುಚೂರಾಗಿತ್ತು. ಅಂದರೆ ಒಳಗೆ ಕತ್ತರಿ ಕೆಲಸ ಶುರು ಮಾಡಿತ್ತು. ಇನ್ನು ಒಂದೊಂದನ್ನೇ ಎತ್ತಿ ಅರವತ್ತು ಗುಳಿಗೆ ಬಿಡಬೇಕು. ಹುಡುಗಿ ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದಳು.

ದೊಡ್ಡಮ್ಮ ಕೂತು, ಗಾಜಿನ ನಳಿಗೆಯನ್ನು ಉರಿಯ ಮೇಲೆ ಹಿಡಿದು ಎಳೆದಳು. ಮೊಣಕೈ ಊರಿ, ಮೊದಲ ಪ್ರಾಣಿಯನ್ನು ಹೀರಿದಳು. ಗುಳಿಯ ಮೇಲೆ ತಂದಾಗ ತುದಿ ಅಲ್ಲಾಡಿತು. ಹನಿ ಗುಳಿಯ ಅಂಚಿಗೆ ಬಿತ್ತು. ಯಾರೂ ಗಮನಿಸಲಿಲ್ಲ, ಹುಳು ಮೇಡಂ ಪೆನ್ನು ಹುಡುಕುತ್ತಿದ್ದಳು. ಅದನ್ನು ಒರೆಸಿ ಮುಂದುವರಿಯಬಹುದಿತ್ತು. ಎರಡು ವರ್ಷ ಮಾಡಿದ್ದೂ ಅದನ್ನೇ.

ಬಾಯಿಂದ ನಳಿಗೆ ತೆಗೆದು ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು.

"ನನ್ನ ಕೈಯಲ್ಲಿ ಬೇಡ ಮೇಷ್ಟ್ರೇ. ಈ ಕೈ ಎರಡು ವರ್ಷದಿಂದ ನಡುಗ್ತಿದೆ."

ಉಳಿದದ್ದನ್ನು ನೆಲ ನೋಡುತ್ತ ಹೇಳಿದಳು. ಹಿಂದಕ್ಕೆ ಈಜಿದವನ್ನು ತನ್ನ ತಪ್ಪೆಂದು ತಿಳಿದು ತೆಗೆದದ್ದು, ಆ ಜಾಗಕ್ಕೆ ಹಠಮಾರಿಗಳನ್ನು ತಂದು ತುಂಬಿದ್ದು, ಪುಸ್ತಕದಲ್ಲಿ ಒಂದಕ್ಷರ ಬರೆಯದಿದ್ದುದು, ಹುಡುಗಿಗೆ ಇದರ ಗಂಧಗಾಳಿಯೂ ಗೊತ್ತಿಲ್ಲದ್ದು. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಮತ್ತೆ ಹಾಕಿಕೊಳ್ಳುವುದು ಮರೆತೇಹೋಯಿತು.

"ಎಷ್ಟು ಗುಳಿ?" ಬಾಗಿಲ ಬಳಿಯಿಂದ ಹುಡುಗಿ ಕೇಳಿದಳು.

"ಲೆಕ್ಕ ಇಟ್ಟಿಲ್ಲ."

"ಸುಮಾರಾಗಿ?"

"ಗೊತ್ತಿಲ್ಲ ಮಗಳೇ. ಹತ್ತಿರಬಹುದು, ಇಪ್ಪತ್ತಿರಬಹುದು. ಪ್ರತಿ ಸಲ ಇದೇ ಕೊನೇದು ಅಂದ್ಕೊಂಡು ಮಾಡಿದ್ದು."

ಹುಡುಗಿ ಬೈಯಲಿಲ್ಲ, ಅಳಲಿಲ್ಲ. ಹೊರಗೆ ಹೋಗಿ ಮೊಗಸಾಲೆಯ ಬೆಂಚಿನ ಮೇಲೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು ಎಂದು ದೊಡ್ಡಮ್ಮನಿಗೆ ಅನ್ನಿಸಿತು.

ಹುಳುಗಳನ್ನು ಎತ್ತಿ ಅಭ್ಯಾಸವಿದ್ದ ಹುಳು ಮೇಡಂ ತಾನೇ ಕುರ್ಚಿಗೆ ಕೂತಳು. ಕೂರುವ ಮುಂಚೆ ದೊಡ್ಡಮ್ಮ ಒಂದು ಮಾತು ಕೇಳಿಕೊಂಡಳು: ಸಾದಾ ಪ್ರಾಣಿಗಳ ತಟ್ಟೆ ಈ ಕೋಣೆಯಲ್ಲೇ ಇರುವುದು ಬೇಡ, ಬೀಗ ಹಾಕಿ ಕೆಳಗಿನ ಮಹಡಿಯಲ್ಲಿಡಿ. ನಳಿಗೆಯೂ ಹೊಸದೇ ಇರಲಿ. ಆಗ ಹಿಂದಕ್ಕೆ ಈಜುವಂಥದ್ದು ಬಂದರೆ ಅದು ಎಲ್ಲಿಂದಲೂ ಬಿದ್ದದ್ದಾಗಿರುವುದಿಲ್ಲ. ಮೇಷ್ಟ್ರು ಹಾಗೇ ಮಾಡಿಸಿದರು. ಹುಳು ಮೇಡಂ ಸಾಕಷ್ಟು ಗೊಣಗಿ, ಈ ದರಿದ್ರದವು ಒಂದು ಕ್ಷಣ ನಿಲ್ಲುವುದಿಲ್ಲವಲ್ಲ ಎಂದು ಬೈದು, ನಾಲ್ಕು ತಾಸಿಗೆ ಅರವತ್ತನ್ನು ಮುಗಿಸಿದಳು. ತಟ್ಟೆಗೆ ಅಂಟುಪಟ್ಟಿ ಸುತ್ತಿ ಮೇಷ್ಟ್ರು ಸಹಿ ಹಾಕಿದರು. ಮೂರು ದಿನ ಬೆಳೆಯಲು ಬಿಟ್ಟು ಮಂಗಳವಾರ ಓದುವುದೆಂದಾಯಿತು.

ಆ ದಿನಗಳಲ್ಲಿ ಹುಡುಗಿ ಮನೆಗೆ ಬರುತ್ತಿದ್ದಳು, ಮಲಗುತ್ತಿದ್ದಳು, ಹೋಗುತ್ತಿದ್ದಳು. ಉಪ್ಪು ಕೊಡಿ ಎಂದಳು, ಬಾಗಿಲು ಹಾಕ್ಕೊಳ್ಳಿ ಎಂದಳು. ದೊಡ್ಡಮ್ಮನಿಗೆ ತನ್ನ ಮನೆಯಲ್ಲೇ ಯಾರೋ ಬಾಡಿಗೆಗಿದ್ದ ಹಾಗಾಯಿತು.

ಅವಳನ್ನು ಕಾಡುತ್ತಿದ್ದ ವಿಚಾರ ಈಗ ಬೇರೆ. ಮಂಗಳವಾರ ಅರವತ್ತೂ ಹಠಮಾರಿಗಳೇ ಆಗಿದ್ದರೆ, ಹುಡುಗಿ ಬರೆದದ್ದು ನಿಜ. ಹಿಂದೆ ತೆಗೆದವೆಲ್ಲ ತನ್ನ ಕೈಯಿಂದ ಬಿದ್ದ ಕಸವೇ. ತನ್ನನ್ನು ಸೀಸೆ ತೊಳೆಯಲು ಕಳಿಸುತ್ತಾರೆ, ಹುಡುಗಿ ಪ್ರಬಂಧ ಸಲ್ಲಿಸುತ್ತಾಳೆ. ಕೆಲವು ಹಿಂದಕ್ಕೆ ಈಜಿದರೆ, ತನ್ನ ಕೈಯಿಂದ ಒಂದು ಹನಿಯೂ ತಪ್ಪಿ ಬಿದ್ದಿರಲಿಲ್ಲ ಎಂದಾಯಿತು. ಆದರೆ ಹುಡುಗಿಯ ನಾಲ್ಕು ವರ್ಷ ನೀರಿಗೆ ಹೋಯಿತು, ಅಚ್ಚಾದದ್ದನ್ನು ಹಿಂದಕ್ಕೆ ಪಡೆಯಬೇಕು, ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕು. ಇಬ್ಬರಲ್ಲಿ ಒಬ್ಬರು ಮಾತ್ರ ಉಳಿಯುವುದು. ದೊಡ್ಡಮ್ಮ ಜನ್ಮದಲ್ಲಿ ಮೊದಲ ಬಾರಿಗೆ ತನ್ನ ಕೈ ಕೆಟ್ಟದ್ದೇ ಆಗಿರಲಿ ಎಂದು ಬಯಸಿದಳು. ಸೀಸೆ ತೊಳೆಯುವುದೇನು ಮಹಾ. ಸೋಪಿನ ನೀರು ಬೆಚ್ಚಗಿರುತ್ತದೆ, ಕೆಳಗೆ ಒಂದು ರೇಡಿಯೋ ಇದೆ. ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು.

ಮಂಗಳವಾರ ಓದುವವರು ಯಾರು ಎಂಬ ಪ್ರಶ್ನೆ ಬಂತು. ಗುಳಿಗೆ ಒಂದು ಹನಿ ಉಪ್ಪಿನ ನೀರು ಹಾಕಿದರೆ ಸಾದಾ ಪ್ರಾಣಿ ಅರ್ಧ ನಿಮಿಷ ಹಿಂದಕ್ಕೆ ಈಜುತ್ತದೆ, ಹಠಮಾರಿ ಮುಂದಕ್ಕೇ ಹೋಗುತ್ತದೆ. ಆ ಅರ್ಧ ನಿಮಿಷ ಕಳೆದರೆ ಮುಗಿಯಿತು, ಮತ್ತೆ ಹಾಕಿ ನೋಡಿದರೆ ನೆಚ್ಚುವಂತಿಲ್ಲ. ಹುಳು ಮೇಡಂ ಒಮ್ಮೆ ಇಣುಕಿ, ಇವಕ್ಕೆ ತಲೆ ಯಾವುದು ಬಾಲ ಯಾವುದು ಅಂತಲೇ ನನಗೆ ತಿಳಿಯುವುದಿಲ್ಲ ಎಂದು ಕೈಚೆಲ್ಲಿದಳು. ಮೇಷ್ಟ್ರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ತಿಂಗಳೂ ಆಗಿರಲಿಲ್ಲ; ಬಣ್ಣ ಹಾಕಿ ನಿಲ್ಲಿಸಿದ್ದು ಕಾಣುತ್ತಿತ್ತು, ಈಜುವುದನ್ನು ಕಣ್ಣು ಹಿಡಿಯುತ್ತಿರಲಿಲ್ಲ. ಹುಡುಗಿ ನೋಡುವ ಹಾಗಿರಲಿಲ್ಲ. 

"ದೊಡ್ಡಮ್ಮ ಓದಲಿ," ಎಂದರು ಮೇಷ್ಟ್ರು. "ಕೈ ನಡುಗಿದ್ರೆ ಕಣ್ಣೇನು ಮಾಡ್ತು."

ಹುಳು ಮೇಡಂ ಉಪ್ಪುನೀರಿನ ಹನಿ ಹಾಕುವುದು, ದೊಡ್ಡಮ್ಮ ನೋಡಿ ಹೇಳುವುದು, ಹುಡುಗಿ ಬರೆದುಕೊಳ್ಳುವುದು. ಮೇಷ್ಟ್ರು ಕಿಟಕಿಯ ಬಳಿ ನಿಂತರು.

ಮೊದಲ ಗುಳಿ. ಹನಿ ಬಿದ್ದಿತು. ಹತ್ತಾರು ಪ್ರಾಣಿಗಳು ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಹೊರಟವು. "ಮುಂದೆ," ಎಂದಳು ದೊಡ್ಡಮ್ಮ. ಹುಡುಗಿ ಬರೆದಳು. ಎರಡನೆಯದು, ಮುಂದೆ. ಮೂರು, ನಾಲ್ಕು, ಐದು, ಎಲ್ಲ ಮುಂದೆ. ಒಂಬತ್ತು ದಾಟಿತು, ಹತ್ತು ದಾಟಿತು. ದೊಡ್ಡಮ್ಮನಿಗೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕ ಹಾಗಾಯಿತು. ಹದಿನೈದು, ಮುಂದೆ. ಆ ದೂರದವರೇ ಎಡವಿರಬೇಕು. ಇಪ್ಪತ್ತು, ಮುಂದೆ. ಪಕ್ಕದಲ್ಲಿ ಹುಡುಗಿಯ ಪೆನ್ನು ಮೊದಲಿಗಿಂತ ಬೇಗ ಬರೆಯುತ್ತಿತ್ತು. ತೊಳೆಯುವ ಕೋಣೆಯ ಬಾಗಿಲು ತನಗಾಗಿ ತೆರೆದುಕೊಳ್ಳುತ್ತಿದೆ ಎಂದು ಗೊತ್ತಾಗಿ ದೊಡ್ಡಮ್ಮನಿಗೆ ನಿಜಕ್ಕೂ ಸಂತೋಷವಾಯಿತು.

ಇಪ್ಪತ್ಮೂರನೇ ಗುಳಿಗೆ ಹನಿ ಬಿದ್ದಿತು. ಗುಳಿಯ ತುಂಬ ಇದ್ದವೆಲ್ಲ ಒಂದೇ ಸಲ ಗಕ್ಕನೆ ನಿಂತು, ಹಿಂದಕ್ಕೆ ಈಜಿದವು.

ಅವಳು ಕಣ್ಣು ಮಿಟುಕಿಸಲಿಲ್ಲ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಇಪ್ಪತ್ತಾರು ವರ್ಷ ನೋಡಿದ ಈಜು. ಸೂಕ್ಷ್ಮದರ್ಶಕದಲ್ಲಿ ಬೇರೆ ಯಾರ ಕಣ್ಣೂ ಇರಲಿಲ್ಲ. ಇಪ್ಪತ್ತೆರಡು ಸಲ ಹೇಳಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅರ್ಧ ನಿಮಿಷ ಸುಮ್ಮನಿದ್ದರೆ ಅವು ಮತ್ತೆ ಮುಂದಕ್ಕೆ ತಿರುಗುತ್ತವೆ, ಯಾರೂ ಕೇಳುವುದಿಲ್ಲ. ಒಂದೇ ಒಂದು ಗುಳಿ. ಎಷ್ಟೋ ಬೆಳಿಗ್ಗೆ ಮಾಡಿದ್ದನ್ನು ಇನ್ನೊಮ್ಮೆ ಮಾಡಿದರಾಯಿತು, ಅದೂ ಈ ಸಲ ಹುಡುಗಿಗಾಗಿಯೇ. ಮೇಜಿನ ಮೇಲಿದ್ದ ಅವಳ ಬಲಗೈ ಜೋರಾಗಿ ನಡುಗುತ್ತಿತ್ತು. ಈಗ ಅದನ್ನು ಮುಚ್ಚಿಡುವ ಅಗತ್ಯವಿರಲಿಲ್ಲ.

"ಹಿಂದೆ," ಎಂದಳು.

ಪೆನ್ನು ನಿಂತಿತು. ಕಿಟಕಿಯ ಬಳಿ ಮೇಷ್ಟ್ರು ಇತ್ತ ತಿರುಗಿದರು. ಹುಳು ಮೇಡಂ ಹನಿಯ ಸೀಸೆಯನ್ನು ಹಾಗೇ ಹಿಡಿದುಕೊಂಡು, ಸರಿಯಾಗಿ ನೋಡಿದಿರಾ ಎಂದು ಕೇಳಿದಳು. ನೋಡಿದೆ ಎಂದಳು ದೊಡ್ಡಮ್ಮ. ಕಣ್ಣನ್ನು ಮಸೂರದಿಂದ ತೆಗೆಯಲಿಲ್ಲ. ತೆಗೆದರೆ ಹುಡುಗಿಯ ಮುಖ ನೋಡಬೇಕಾಗುತ್ತಿತ್ತು.

ಬಹಳ ಹೊತ್ತಿನ ಮೇಲೆ ಪೆನ್ನು ಕಾಗದದ ಮೇಲೆ ಓಡಿದ್ದು ಕೇಳಿಸಿತು. ಆಮೇಲೆ ಕುರ್ಚಿ ಎಳೆದ ಸದ್ದು. ಹುಡುಗಿ ಹತ್ತಿರ ಬಂದು ಪಕ್ಕದಲ್ಲಿ ಕೂತಳು. ಅವಳ ದನಿ ಸಣ್ಣಗಿತ್ತು, ಕೋಪವಿತ್ತು, ಮುಚ್ಚಿಡಲಿಲ್ಲ.

"ನಿನ್ನ ಕೈಯಿಂದ ಒಂದು ಹನಿನೂ ತಪ್ಪಿ ಬಿದ್ದಿರ್ಲಿಲ್ಲ ದೊಡ್ಡಮ್ಮ. ನೀನು ತೆಗೆದು ಚೆಲ್ಲಿದ್ದೆಲ್ಲ ನಾನು ಹುಡುಕ್ತಿದ್ದದ್ದೇ. ಆವತ್ತೇ ಒಂದು ಸಲ, ಬಾ ಇಲ್ಲಿ ನೋಡು ಅಂತ ಕರೆದಿದ್ರೆ ಸಾಕಿತ್ತು."

ದೊಡ್ಡಮ್ಮನ ಕಣ್ಣು ತುಂಬಿ ಮಸೂರದಲ್ಲಿ ಎಲ್ಲ ಕಲಸಿಹೋಯಿತು. ಹುಡುಗಿ ತನ್ನ ದುಪಟ್ಟಾದ ತುದಿಯಿಂದ ಮಸೂರ ಒರೆಸಿ, ಇನ್ನೂ ಮೂವತ್ತೇಳಿವೆ, ನೋಡು ಎಂದಳು. ಹುಳು ಮೇಡಂ ಇಪ್ಪತ್ತನಾಲ್ಕನೆಯದಕ್ಕೆ ಹನಿ ಹಾಕಿದಳು, ದೊಡ್ಡಮ್ಮ ಬಗ್ಗಿ ನೋಡಿದಳು.